‘ಬಿಡು, ನಂದು!’

ಶನಿವಾರ ಬೆಳಗ್ಗೆ ಆರೂವರೆಗೆ ನಾಚಾರಂನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಮೊದಲು ಒಂದು ಚೀಲ ಇಳಿಯುತ್ತದೆ, ಆಮೇಲೆ ನನ್ನ ಅಕ್ಕನ ಮಗಳು ಇಳಿಯುತ್ತಾಳೆ. ಆ ಪುಟ್ಟ ಲಿಫ್ಟಿನಲ್ಲಿ ಇಬ್ಬರಿಗೂ ಒಟ್ಟಿಗೆ ಜಾಗ ಸಾಲದು. ಚೀಲದಲ್ಲಿ ಕಾಲಿನ ಪ್ಯಾಡು, ಕಿಕ್ಕರ್, ಹೆಲ್ಮೆಟ್ಟು, ಎದೆಗೆ ಕಟ್ಟುವ ಗಾರ್ಡು, ಗ್ಲೌಸು. ಮೂರನೇ ಮಹಡಿಯ ಆಂಟಿ ಪ್ರತಿ ವಾರವೂ "ಕ್ರಿಕೆಟ್ಟಾ ಅಮ್ಮಾ?" ಎಂದು ಕೇಳುತ್ತಾರೆ. ಇವಳು ಪ್ರತಿ ವಾರವೂ "ಕಾದು ಆಂಟೀ, ಹಾಕಿ" ಎನ್ನುತ್ತಾಳೆ.

ಒಂಬತ್ತನೇ ಕ್ಲಾಸು, ಶಾಲೆಯ ಟೀಮಿಗೆ ಗೋಲ್‌ಕೀಪರ್. ಭಾವನಿಗೆ ಶನಿವಾರವೂ ಶಿಫ್ಟ್ ಇರುವುದರಿಂದ ಸಾರಥಿ ನಾನು. ಅಷ್ಟಲ್ಲದೆ, ಇಡೀ ಮನೆಯಲ್ಲಿ ಆ ಪ್ಯಾಡಿನ ಬೆವರುನಾತ ಸಹಿಸುವವನು ನಾನೊಬ್ಬನೇ. ನಾನೂ ಒಂದು ಕಾಲದಲ್ಲಿ ಅದನ್ನು ಕಟ್ಟಿದವನೇ.

ಕಳೆದ ವಾರ ಸಿಕಂದರಾಬಾದ್ ಕಡೆಯ ಮೈದಾನದಲ್ಲಿ ಇವಳ ಟೀಮು ಸೋತಿತು. ಕೊನೆಯ ಗೋಲು ಬಂದದ್ದು ಹೀಗೆ. ಎದುರಾಳಿಗೆ ಪೆನಾಲ್ಟಿ ಕಾರ್ನರ್. ಚೆಂಡು ಬರುವಾಗ ಇವಳು "ವದಿಲೆಯ್, ನಾದಿ!" ಎಂದು ಕೂಗಿದಳು. ಬಿಡು, ನಂದು ಅಂತ. ಪೋಸ್ಟಿನ ಪಕ್ಕ ಸ್ಟಿಕ್ ಹಿಡಿದು ನಿಂತಿದ್ದ ಹುಡುಗಿ ಮಾತು ಕೇಳಿ ಬಿಟ್ಟಳು. ಚೆಂಡು ಇವಳ ಪ್ಯಾಡಿನ ಅಂಚಿಗೆ ತಾಗಿ ಒಳಗೆ ಹೋಯಿತು. ಆಟ ಮುಗಿದ ಮೇಲೆ ಕೋಚ್ ಆ ಹುಡುಗಿಯನ್ನು ಬೈಯಲು ಶುರುಮಾಡಿದರು. ಇವಳು ಹೆಲ್ಮೆಟ್ ತೆಗೆದು ಮಧ್ಯೆ ಬಂದು, "ಸರ್, ನೇನೇ ವದಿಲೆಯ್ಯಮನ್ನಾನು" ಎಂದಳು. ಬಿಡು ಅಂದವಳು ನಾನೇ. ಅಷ್ಟೇ ಮಾತು. ಬೇಲಿಯಾಚೆ ನೀರಿನ ಬಾಟಲಿ ಹಿಡಿದು ನಿಂತಿದ್ದ ನನಗೆ ಮಾತ್ರ ಎದೆಯಲ್ಲಿ ಏನೋ ಕುಟ್ಟಿದಂತಾಯಿತು. ಯಾಕೆಂದು ಆಮೇಲೆ ಹೇಳುತ್ತೇನೆ.

ವಾಪಸ್ ಬರುವಾಗ ತಾರ್ನಾಕಾ ದಾಟುವವರೆಗೂ ಮೌನ. ಹಬ್ಸಿಗುಡ ಸಿಗ್ನಲ್ಲಿನಲ್ಲಿ ಕೇಳಿದಳು. "ಮಾಮ, ಗೋಲ್‌ಕೀಪರ್ ಕ್ಯಾಪ್ಟನ್ ಆಗೋದು ಉಂಟಾ?" ಮುಂದಿನ ಟೂರ್ನಮೆಂಟಿಗೆ ನೀನೇ ಕ್ಯಾಪ್ಟನ್ ಎಂದು ಕೋಚ್ ಹೇಳಿದ್ದರಂತೆ. ಗೋಲು ಹೊಡೆಯದವಳು, ಮೈದಾನದ ಒಂದು ತುದಿಯಲ್ಲೇ ನಿಂತಿರುವವಳು ಕ್ಯಾಪ್ಟನ್ ಆದರೆ ಬೇರೆ ಹುಡುಗಿಯರು ನಗುವುದಿಲ್ಲವೇ ಎಂಬುದು ಅವಳ ಚಿಂತೆ.

ಶಂಕರ್ ಲಕ್ಷ್ಮಣ್ ಹೆಸರು ಅವಳು ಕೇಳಿರಲಿಲ್ಲ. ನಮ್ಮಲ್ಲೂ ಎಷ್ಟು ಜನ ಕೇಳಿದ್ದೇವೆ? ಮಧ್ಯಪ್ರದೇಶದ ಮಹೂ ಊರಿನವರು. ಸೇನೆಗೆ ಸೇರಿದ್ದು ಬ್ಯಾಂಡಿನ ಹುಡುಗನಾಗಿ, ಅದೂ ನಮ್ಮ ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಗೆ. 1956, 1960, 1964ರ ಮೂರು ಒಲಿಂಪಿಕ್ಸ್‌ಗಳಲ್ಲಿ ಗೋಲು ಕಾದು ಎರಡು ಚಿನ್ನ, ಒಂದು ಬೆಳ್ಳಿ ತಂದರು. 1966ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ಗೆ ಅವರೇ ನಾಯಕ. ಫೈನಲ್‌ನಲ್ಲಿ ಪಾಕಿಸ್ತಾನವನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದರು. ಕೊನೆಗಾಲದಲ್ಲಿ ಕಾಲಿನ ಗ್ಯಾಂಗ್ರೀನ್‌ನಿಂದ ನರಳಿ, ಬಡತನದಲ್ಲೇ 2006ರಲ್ಲಿ ತೀರಿಕೊಂಡರು. ಈ ಕೊನೆಯ ಭಾಗವನ್ನು ಹುಡುಗಿಗೆ ಹೇಳಲಿಲ್ಲ.

ಹೇಳಬೇಕಾದ ಇನ್ನೊಬ್ಬರು ಭರತ್ ಚೆಟ್ರಿ. ಕಾಲಿಂಪಾಂಗಿನ ಹುಡುಗ, ಬೆಂಗಳೂರಿಗೆ ಬಂದು ಆಡಿದವರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವರ ನಾಯಕತ್ವದ ತಂಡ ಒಂದೂ ಪಂದ್ಯ ಗೆಲ್ಲದೆ ಹನ್ನೆರಡನೇ ಸ್ಥಾನಕ್ಕೆ, ಎಂದರೆ ಕಟ್ಟಕಡೆಗೆ ಬಂತು. ಪ್ರತಿ ಗೋಲೂ ಕೀಪರನ ಕಣ್ಣೆದುರೇ ಒಳಗೆ ಹೋಗುವುದು. ಅವನೇ ಕ್ಯಾಪ್ಟನ್ನೂ ಆಗಿದ್ದರೆ ಮಾರನೇ ದಿನ ಹತ್ತು ಜನರನ್ನು ಹುರಿದುಂಬಿಸುವವನೂ ಅವನೇ. ಗೆದ್ದವರ ಕತೆಯಷ್ಟೇ ಹೇಳಿದರೆ ಮಕ್ಕಳಿಗೆ ಮೋಸ ಮಾಡಿದಂತೆ ಎಂದು ನನಗನಿಸುತ್ತದೆ. ಶ್ರೀಜೇಶ್ ಅವಳಿಗೆ ಗೊತ್ತು, ಟೋಕಿಯೊದಲ್ಲಿ ಗೋಲ್‌ಪೋಸ್ಟಿನ ಮೇಲೆ ಹತ್ತಿ ಕೂತ ಫೋಟೊ ಅವಳ ಕಪಾಟಿಗೆ ಅಂಟಿಸಿದೆ. ಅವರು ನಾಯಕರಾಗಿದ್ದದ್ದು 2016ರ ರಿಯೋದಲ್ಲಿ. ಪದಕ ಗೆದ್ದ ಟೋಕಿಯೊದಲ್ಲಿ ನಾಯಕ ಮನ್‌ಪ್ರೀತ್ ಸಿಂಗ್. ತೋಳಿಗೆ ಕ್ಯಾಪ್ಟನ್ ಪಟ್ಟಿ ಇಲ್ಲದಾಗಲೂ ಹಿಂದಿನಿಂದ ಅವರ ಬಾಯಿ ನಿಂತಿರಲಿಲ್ಲ.

ಬಾಯಿ ಎಂದದ್ದು ತಮಾಷೆಗಲ್ಲ. 3.66 ಮೀಟರ್ ಅಗಲ, 2.14 ಮೀಟರ್ ಎತ್ತರದ ಆ ಚೌಕಟ್ಟಿನ ಮುಂದೆ ನಿಂತವನಿಗೆ ಮಾತ್ರ ಇಡೀ ಮೈದಾನ ಒಂದೇ ನೋಟಕ್ಕೆ ಕಾಣುತ್ತದೆ. ಉಳಿದವರಿಗೆ ಬೆನ್ನ ಹಿಂದೆ ಯಾರಿದ್ದಾರೆಂದು ಗೊತ್ತಾಗದು. ಎಡಕ್ಕೆ ಸರಿ, ಅವಳನ್ನು ಹಿಡಿ, ಹೊರಗೆ ಬಿಡು ಎಂದು ಕೀಪರ್ ಕೂಗುತ್ತಲೇ ಇರಬೇಕು. ಪೆನಾಲ್ಟಿ ಕಾರ್ನರ್ ಬಂದರಂತೂ ಕೀಪರ್ ಸೇರಿ ಐದೇ ಜನ ಗೋಲಿನ ಗೆರೆಯ ಹಿಂದೆ, ಉಳಿದವರೆಲ್ಲ ಅರ್ಧ ಮೈದಾನದಾಚೆ. ಆ ಐವರಲ್ಲಿ ಒಬ್ಬ ನೇರ ಚೆಂಡಿಗೆ ಎದುರಾಗಿ ಓಡಬೇಕು. ಚೆಂಡಿನ ತೂಕ 160 ಗ್ರಾಮಿನ ಆಸುಪಾಸು, ಕಲ್ಲಿನಂಥದ್ದು. ಕೀಪರನ ಮೈಮೇಲಾದರೆ ಪ್ಯಾಡಿದೆ; ಓಡುವವನಿಗೆ ಹೆಚ್ಚೆಂದರೆ ಮುಖವಾಡ, ಮಂಡಿಪಟ್ಟಿ. ಕೀಪರನ ಮಾತು ನಂಬಿಯೇ ಅವನು ಓಡುವುದು. ಆ ನಂಬಿಕೆ ಹೋದರೆ ಮುಂದಿನ ಕಾರ್ನರಿಗೆ ಅವನ ಕಾಲು ಅರ್ಧ ಹೆಜ್ಜೆ ತಡವಾಗುತ್ತದೆ, ಅಷ್ಟು ಸಾಕು.

ನಾನು ಬೆಳೆದದ್ದು ವಿರಾಜಪೇಟೆ ಹತ್ತಿರ. ನಾವು ಕೊಡವರಲ್ಲ, ಅಪ್ಪ ಅಲ್ಲಿ ಮೇಷ್ಟ್ರು. ಆದರೆ ಕೊಡಗಿನಲ್ಲಿ ಹುಟ್ಟಿ ಹಾಕಿ ಮುಟ್ಟದೆ ಇರುವುದು ಕಷ್ಟ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳ ಕೊಡವ ಹಾಕಿ ಉತ್ಸವ ಶುರುವಾದಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. 2024ರಲ್ಲಿ ನಾಪೋಕ್ಲುವಿನಲ್ಲಿ ಆಡಿದ್ದು 360 ತಂಡಗಳು. ಒಂದೇ ತಂಡದಲ್ಲಿ ಅತ್ತೆ, ಸೊಸೆ, ಮೊಮ್ಮಗ. ಓಡಲಾಗದ ದಪ್ಪ ಮಾವನನ್ನು ಗೋಲಿಗೆ ನಿಲ್ಲಿಸುವುದನ್ನೂ ನೋಡಿದ್ದೇನೆ. ಅದೇ ಕೊಡಗಿನಿಂದ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಗೋಲು ಕಾದ ಎ.ಬಿ. ಸುಬ್ಬಯ್ಯನವರೂ ಬಂದರು.

ನನ್ನನ್ನು ಪ್ಯಾಡಿಗೆ ಕಟ್ಟಿಹಾಕಿದ್ದು ಮಾತ್ರ ಬೆಂಗಳೂರಿನ ಆಶಿಷ್ ಬಲ್ಲಾಳ್. 1998ರ ಡಿಸೆಂಬರ್, ಮತ್ತೆ ಬ್ಯಾಂಕಾಕ್, ಏಷ್ಯನ್ ಗೇಮ್ಸ್ ಫೈನಲ್. ದಕ್ಷಿಣ ಕೊರಿಯಾ ಜತೆ 1-1 ಸಮ. ಆಗ ಈಗಿನಂತೆ ಎಂಟು ಸೆಕೆಂಡಿನ ಶೂಟೌಟ್ ಇರಲಿಲ್ಲ, ಪೆನಾಲ್ಟಿ ಸ್ಟ್ರೋಕ್. 6.4 ಮೀಟರ್ ದೂರದಲ್ಲಿ ಚೆಂಡು, ನಡುವೆ ಯಾರೂ ಇಲ್ಲ. ಬಲ್ಲಾಳ್ ಎರಡು ಸ್ಟ್ರೋಕ್ ತಡೆದರು, 4-2. ಶಂಕರ್ ಲಕ್ಷ್ಮಣ್ ನಂತರ 32 ವರ್ಷಕ್ಕೆ ಬಂದ ಚಿನ್ನ. ಪಕ್ಕದ ಮನೆಯ ಟಿವಿ ಮುಂದೆ ಹನ್ನೊಂದು ವರ್ಷದ ನಾನು ಅಲ್ಲೇ ಸೋಫಾದಿಂದ ಎಡಕ್ಕೆ ಹಾರಿ ಮೊಣಕೈ ತರಚಿಕೊಂಡೆ. ಗೆದ್ದು ಬಂದವರಲ್ಲಿ ನಾಯಕ ಧನರಾಜ್ ಪಿಳ್ಳೈ, ಬಲ್ಲಾಳ್, ಈ ಹೈದರಾಬಾದಿನವರೇ ಆದ ಮುಕೇಶ್ ಕುಮಾರ್ ಸೇರಿ ಹಲವರನ್ನು ಮುಂದಿನ ಸರಣಿಗೆ ‘ವಿಶ್ರಾಂತಿ’ ಎಂದು ಕೈಬಿಟ್ಟರು. ಇದಂತೂ ನಮ್ಮ ದೇಶದ ಹಾಕಿಗೆ ಹೊಸತಲ್ಲ.

ಈಗ ಎದೆ ಕುಟ್ಟಿದ ವಿಷಯ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ವಲಯ ಮಟ್ಟದ ಪಂದ್ಯ. ಸಮಬಲ, ಪೆನಾಲ್ಟಿ ಕಾರ್ನರ್. ನಾನು "ಬಿಡು, ನಂದು!" ಎಂದು ಕೂಗಿದೆ. ಗೆರೆಯ ಮೇಲಿದ್ದ ಹುಡುಗ ಸ್ಟಿಕ್ ಎತ್ತಿದ. ಚೆಂಡು ನನ್ನ ಕಾಲಡಿ ನುಸುಳಿ ಹೋಯಿತು. "ಕಣ್ಣು ಕಾಣಲ್ವೇನೋ?" ಎಂದು ಪಿ.ಟಿ. ಮೇಷ್ಟ್ರು ಬೈದದ್ದು ಅವನಿಗೆ. ಅವನು ನನ್ನ ಮುಖ ನೋಡಿದ. ನಾನು ಬಗ್ಗಿ ಪ್ಯಾಡಿನ ಬೆಲ್ಟು ಬಿಚ್ಚುತ್ತಿದ್ದೆ. ಬಿಚ್ಚಿದ್ದನ್ನೇ ಮತ್ತೆ ಬಿಚ್ಚಿದೆ. ಮುಂದಿನ ಪಂದ್ಯಕ್ಕೆ ಅವನನ್ನು ತೆಗೆದರು, ಆಮೇಲೆ ಅವನು ಮೈದಾನಕ್ಕೇ ಬರಲಿಲ್ಲ. ನನಗೆ ಮಾತ್ರ ಶಾಲಾ ವಾರ್ಷಿಕೋತ್ಸವದಲ್ಲಿ ಒಂದು ಸ್ಟೀಲ್ ಲೋಟ ಬಹುಮಾನ ಸಿಕ್ಕಿತು.

ಈಗ ಆಫೀಸಿನಲ್ಲಿ ನನ್ನ ಕೆಳಗೆ ಎಂಟು ಜನರ ತಂಡವಿದೆ. ರಾತ್ರಿ ಎರಡಕ್ಕೆ ಸರ್ವರ್ ಬಿದ್ದಾಗ ಕಾಲ್‌ನಲ್ಲಿ ಮೊದಲ ಪ್ರಶ್ನೆ ‘ಯಾರು ಮಾಡಿದ್ದು?’ ಎಂದೇ. ‘ಹಾಗೆ ಮಾಡಲು ಹೇಳಿದ್ದು ನಾನೇ’ ಎನ್ನಲು ನಾನು ಕಲಿತದ್ದು ನಿಧಾನವಾಗಿ. ಈಗಲೂ ಒಮ್ಮೊಮ್ಮೆ ಮ್ಯೂಟ್ ಬಟನ್ ಮೇಲಿಂದ ಬೆರಳು ಏಳುವುದಿಲ್ಲ. ಅವಳಿಗೆ ಹದಿನಾಲ್ಕು ವರ್ಷ, ಒಂದು ಕ್ಷಣವೂ ಯೋಚಿಸಲಿಲ್ಲ.

ಇದನ್ನೆಲ್ಲ ನಾಚಾರಂನ ಟಿಫಿನ್ ಸೆಂಟರಿನಲ್ಲಿ ಇಡ್ಲಿ ತಿನ್ನುತ್ತಾ ಅವಳಿಗೆ ಹೇಳಿದೆ. ಹೆಂಡತಿಗೂ ಹೇಳಿರಲಿಲ್ಲ. ಅವಳು ಚಟ್ನಿ ಮುಗಿಸಿ ಕೇಳಿದಳು.

"ಆ ಹುಡುಗ ಈಗ ಎಲ್ಲಿದ್ದಾನೆ ಮಾಮ?"

"ಮೈಸೂರಲ್ಲಿ ಇರಬೇಕು. ನಮ್ಮ ಸ್ಕೂಲಿನ ವಾಟ್ಸಾಪ್ ಗ್ರೂಪಲ್ಲಿ ಇದ್ದಾನೆ."

"ಮತ್ತೆ ಹೇಳಿಲ್ವಾ ಅವನಿಗೆ?"

"ಇಪ್ಪತ್ತೈದು ವರ್ಷ ಆಯ್ತಲ್ಲ ಪುಟ್ಟಿ. ಅವನಿಗೆ ನೆನಪಿರುತ್ತೋ ಇಲ್ವೋ."

"ನಿಂಗೆ ನೆನಪಿದೆಯಲ್ಲ" ಎಂದು ಕೈ ತೊಳೆಯಲು ಎದ್ದಳು.

ಪ್ಯಾಡು ಈಗ ಬಾಲ್ಕನಿಯಲ್ಲಿ ಒಣಗುತ್ತಿದೆ. ಮುಂದಿನ ಶನಿವಾರ ಅವಳು ಕ್ಯಾಪ್ಟನ್ ಆಗಿ ಮೊದಲ ಪಂದ್ಯ ಆಡುತ್ತಾಳೆ. ಅದಕ್ಕೆ ಮೊದಲು ಮೈಸೂರಿಗೆ ಫೋನ್ ಮಾಡಬೇಕು.