ದುರಂತ ನಾಟಕದ ಪರಿಭಾಷೆ

ಸಾವಿನಲ್ಲಿ ಮುಗಿಯುವುದೇ ದುರಂತ ನಾಟಕ ಎಂಬುದು ಅರ್ಧ ವಿವರಣೆ ಮಾತ್ರ. ಕೋಲಾರ ಚಿನ್ನದ ಗಣಿಯಲ್ಲಿ, ಅದರಲ್ಲೂ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿದ್ದ ಚಾಂಪಿಯನ್ ರೀಫ್‌ನಲ್ಲಿ, ಹಿಂದೆ ಬಂಡೆ ಸಿಡಿದು ಕಾರ್ಮಿಕರು ಸತ್ತದ್ದನ್ನೂ ದುರಂತವೆನ್ನುತ್ತೇವೆ. ಆ ಸಾವಿಗೂ ಸತ್ತವನ ನಡತೆಗೂ ಸಂಬಂಧವಿಲ್ಲ. ರಂಗದ ದುರಂತಕ್ಕೆ ಆ ಸಂಬಂಧವೇ ಜೀವಾಳ. ಅಲ್ಲಿ ನಾಯಕ ತಾನೇ ಇಟ್ಟ ಹೆಜ್ಜೆಯಿಂದ ಕೆಡುತ್ತಾನೆ.

ಇದನ್ನು ಕ್ರಮವಾಗಿ ವಿವರಿಸಿದವನು ಕ್ರಿ.ಪೂ. 4ನೇ ಶತಮಾನದ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್. ಪರಮ ಸಜ್ಜನ ಹಾಳಾದರೆ ನೋಡುವವರಿಗೆ ಜುಗುಪ್ಸೆ, ಕಡುದುಷ್ಟ ಹಾಳಾದರೆ ಮರುಕವೇ ಇಲ್ಲ. ಆದ್ದರಿಂದ ನಾಯಕ ಇವರಿಬ್ಬರ ನಡುವಿನವನಾಗಿರಬೇಕು. ಅವನು ಎಸಗುವ ತಪ್ಪೇ ‘ದುರಂತ ದೋಷ’. ಪರೀಕ್ಷೆಗೆಂದು ಇದನ್ನು ಸ್ವಭಾವದ ಕೊರತೆ ಎಂದು ಬರೆಸುವುದುಂಟು. ತೀರ್ಮಾನದ ತಪ್ಪು ಎಂದರೆ ಅರಿಸ್ಟಾಟಲನಿಗೆ ಹೆಚ್ಚು ಹತ್ತಿರ.

ಕನ್ನಡದಲ್ಲಿ ದುರಂತ ನಾಟಕಕ್ಕೆ ‘ರುದ್ರನಾಟಕ’ ಎಂಬ ಹೆಸರನ್ನು ಬಳಕೆಗೆ ತಂದವರು ಬಿ.ಎಂ. ಶ್ರೀಕಂಠಯ್ಯ. ಹಳಗನ್ನಡ ಕವಿ ರನ್ನನ ಕಾವ್ಯವನ್ನು ಆಧರಿಸಿ 1926ರಲ್ಲಿ ಅವರು ‘ಗದಾಯುದ್ಧ ನಾಟಕಂ’ ಕಟ್ಟಿದಾಗ ದುರ್ಯೋಧನನೇ ನಾಯಕನಾದ. ಭೀಷ್ಮರು ಸಂಧಿಯ ಮಾತೆತ್ತಿದರೂ ಅವನು ಒಪ್ಪುವುದಿಲ್ಲ. ಕೊನೆಗೆ ಸರೋವರದಲ್ಲಿ ಅಡಗುತ್ತಾನೆ. ಅಲ್ಲೇ ಇದ್ದಿದ್ದರೆ ಉಳಿಯುತ್ತಿದ್ದನೇನೋ, ಆದರೆ ದಡದಲ್ಲಿ ನಿಂತ ಭೀಮನ ಮೂದಲಿಕೆ ಕೇಳಿ ಗದೆ ಹಿಡಿದು ಎದ್ದು ಬರುತ್ತಾನೆ. ಅವನನ್ನು ದೊಡ್ಡವನನ್ನಾಗಿಸಿದ ಛಲವೇ ಅವನನ್ನು ಕೊಂದಿತು. ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ಕಲಿಸಿ ಆಡಿಸುವ ‘ಕುರುಕ್ಷೇತ್ರ’ ನೋಡಿದವರಿಗೆ ಈ ದುರ್ಯೋಧನ ಅಪರಿಚಿತನಲ್ಲ.

ಉಳಿದ ಪದಗಳಿಗೆ ಇಂಗ್ಲಿಷ್ ನಾಟಕ ‘ಮ್ಯಾಕ್‌ಬೆತ್’ ಅನುಕೂಲ. ಇದನ್ನು 1936ರಲ್ಲಿ ಕನ್ನಡಕ್ಕೆ ತಂದವರು ಮುಳಬಾಗಿಲಿನ ಡಿ.ವಿ. ಗುಂಡಪ್ಪ, ಎಳೆಹರೆಯದಲ್ಲಿ ಚಿನ್ನದ ಗಣಿಯ ಊರಿನಲ್ಲೇ ಸೋಡಾ ಕಾರ್ಖಾನೆಯಲ್ಲಿ ದುಡಿದವರು. ರಾಜ ಡಂಕನ್ ಮ್ಯಾಕ್‌ಬೆತ್‌ನ ಕೋಟೆಗೆ ಅತಿಥಿಯಾಗಿ ಬಂದು, ಅಲ್ಲಿಯ ಗಾಳಿ ಎಷ್ಟು ಹಿತವೆಂದು ಹೊಗಳುತ್ತಾನೆ. ಒಳಗೆ ಅವನ ಕೊಲೆಯ ಸಂಚು ನಡೆದಿರುವುದು ಪ್ರೇಕ್ಷಕರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಇದು ‘ನಾಟಕೀಯ ವ್ಯಂಗ್ಯ’. ಕೊಲೆಗೆ ಮುನ್ನ ಕಣ್ಣೆದುರು ಕಠಾರಿ ತೇಲಿದಂತೆ ಕಂಡು ಮ್ಯಾಕ್‌ಬೆತ್ ಒಬ್ಬನೇ ಆಡಿಕೊಳ್ಳುವ ಮಾತು ‘ಸ್ವಗತ’. ಹೆಣ್ಣಿನಿಂದ ಹುಟ್ಟಿದವರಾರೂ ತನ್ನನ್ನು ಕೊಲ್ಲಲಾರರು ಎಂಬ ಭವಿಷ್ಯವಾಣಿಯನ್ನು ನೆಚ್ಚಿದ್ದವನಿಗೆ, ತನ್ನೆದುರು ಹೋರಾಡುತ್ತಿರುವ ಮ್ಯಾಕ್‌ಡಫ್ ತಾಯಿಯ ಹೊಟ್ಟೆ ಸೀಳಿ ತೆಗೆದ ಕೂಸೆಂದು ತಿಳಿಯುತ್ತದೆ. ನೆಚ್ಚಿದ್ದೇ ತಿರುಗಿಬೀಳುವುದು ‘ವಿಪರ್ಯಯ’. ಸತ್ಯ ಹೊಳೆಯುವುದು ‘ಅಭಿಜ್ಞಾನ’. ಎರಡೂ ಒಂದೇ ಕ್ಷಣದಲ್ಲಿ ಕೂಡಿ ಬಂದರೆ ನಾಟಕ ಶ್ರೇಷ್ಠ ಎಂದು ಅರಿಸ್ಟಾಟಲ್ ಎಣಿಸಿದ್ದ.

ಇದೆಲ್ಲ ನೋಡುವವರಲ್ಲಿ ಮರುಕ ಮತ್ತು ಭಯ ಹುಟ್ಟಿಸಿ ಆ ಭಾವಗಳನ್ನು ತಿಳಿಯಾಗಿಸುವುದು ‘ಕೆಥಾರ್ಸಿಸ್’. ಅದು ಹೇಗೆ ನಡೆಯುತ್ತದೆಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ.

ಹೈಸ್ಕೂಲು ವಿದ್ಯಾರ್ಥಿಗಳು ಮೊದಲು ದುರ್ಯೋಧನನಿಂದಲೇ ಆರಂಭಿಸುವುದು ಒಳ್ಳೆಯದು. ಕಥೆ ಹೇಗೂ ಗೊತ್ತು. ಹಳಗನ್ನಡಕ್ಕಷ್ಟೇ ಮೇಷ್ಟರ ನೆರವು ಬೇಕಾದೀತು.