ಗ್ರಂಥಾಲಯದ ಕಂಪ್ಯೂಟರಿನಲ್ಲಿ ಬೆಳೆಗಾರನಿಗೂ ಪಾಲುಂಟು

ಶಿವಮೊಗ್ಗದ ಮಂಡಿಗೆ ಅಡಿಕೆ ತಂದ ಬೆಳೆಗಾರರಿಗೆ ಲೆಕ್ಕಪತ್ರ ಮುಗಿದು, ಗೊಬ್ಬರ, ಮೈಲುತುತ್ತಗಳನ್ನು ಕೊಂಡಾದ ಮೇಲೆ ಊರಿನ ಬಸ್ಸು ಹೊರಡುವವರೆಗೆ ಒಂದೆರಡು ಗಂಟೆ ಬಿಡುವು ಉಳಿಯುವುದುಂಟು. ಆ ಹೊತ್ತನ್ನು ಕಳೆಯಲು ಹೋಟೆಲಿನ ಬೆಂಚು ಇದ್ದೇ ಇದೆ. ಆದರೆ ಅದೇ ಪೇಟೆಯಲ್ಲಿ ನಗರ ಕೇಂದ್ರ ಗ್ರಂಥಾಲಯವೂ ಇದೆ. ವಿದ್ಯಾನಗರದಂತಹ ಬಡಾವಣೆಗಳಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ನಮ್ಮ ಮಕ್ಕಳು ಅದರ ದಾರಿ ಬಲ್ಲರು. ತೋಟದವರಾದ ನಾವು ಮಾತ್ರ, ಅದು ಪರೀಕ್ಷೆಗೆ ಓದುವ ಹುಡುಗರ ಜಾಗವೆಂದು ಹೊರಗಿನಿಂದಲೇ ಹಾದುಹೋಗುತ್ತೇವೆ. ಈ ಸಂಕೋಚವನ್ನು ಬಿಡಬೇಕೆಂದು ಸದಸ್ಯ ಬಾಂಧವರಲ್ಲಿ ಅರಿಕೆ ಮಾಡಿಕೊಳ್ಳುವುದಕ್ಕಾಗಿಯೇ ಈ ಲೇಖನ.

ನಮ್ಮ ಹಣದಿಂದಲೇ ನಡೆಯುವ ಸಂಸ್ಥೆ

ಸಾರ್ವಜನಿಕ ಗ್ರಂಥಾಲಯ ಯಾರೋ ನೀಡಿದ ದಾನವಲ್ಲ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಪ್ರಕಾರ, ನಿವೇಶನ ಮತ್ತು ಕಟ್ಟಡಗಳ ತೆರಿಗೆಯ ಜೊತೆಗೆ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರವನ್ನು ವಸೂಲು ಮಾಡಲಾಗುತ್ತದೆ. ಮನೆ ಕಂದಾಯದ ರಸೀದಿಯನ್ನು ಒಮ್ಮೆ ಬಿಡಿಸಿ ನೋಡಿದರೆ ಈ ಬಾಬ್ತು ಕಣ್ಣಿಗೆ ಬೀಳುತ್ತದೆ. ಸಹಕಾರ ಸಂಘಕ್ಕೆ ಷೇರು ಹಣ ಕಟ್ಟಿದವನು ಸಂಘದ ಬಾಗಿಲಲ್ಲಿ ಹೇಗೆ ಹಿಂಜರಿಯಬೇಕಾಗಿಲ್ಲವೋ, ಗ್ರಂಥಾಲಯದ ಬಾಗಿಲಲ್ಲಿಯೂ ಹಾಗೆಯೇ.

ಯಾವುದಕ್ಕೆ ಬೇಕು?

"ಎಲ್ಲ ಮೊಬೈಲಿನಲ್ಲೇ ಬರುತ್ತದಲ್ಲ, ಗ್ರಂಥಾಲಯವೇಕೆ?" ಎಂದು ಕೇಳುವವರಿದ್ದಾರೆ. ಬರುತ್ತದೆ, ನಿಜ. ಆದರೆ ಬರುವುದೆಲ್ಲ ನಿಜವಲ್ಲ. 2022ರ ಸುಮಾರಿನಲ್ಲಿ ಹೊಸನಗರ, ತೀರ್ಥಹಳ್ಳಿ, ಶೃಂಗೇರಿ, ಕಳಸದ ಕಡೆ ಎಲೆಚುಕ್ಕೆ ರೋಗ ಅಡಿಕೆ ತೋಟಗಳನ್ನು ಕಾಡಿದಾಗ ಮೊಬೈಲಿನಲ್ಲಿ ಹರಿದಾಡಿದ ಔಷಧಿಗಳಿಗೆ ಲೆಕ್ಕವಿರಲಿಲ್ಲ. ಯಾರು ಹೇಳಿದರು, ಯಾವ ತೋಟದಲ್ಲಿ ಪ್ರಯೋಗ ಮಾಡಿದರು, ಎಷ್ಟು ನೀರಿಗೆ ಎಷ್ಟು ಬೆರೆಸಬೇಕು ಎಂಬುದು ಅನೇಕ ಸಂದೇಶಗಳಲ್ಲಿ ಇರುವುದೇ ಇಲ್ಲ. ಔಷಧಿಯ ಬೆಲೆ, ಕೊನೆಗಾರರ ಕೂಲಿ, ಮಳೆಯ ನಡುವೆ ಸಿಕ್ಕುವ ಎರಡು ದಿನದ ಬಿಸಿಲು, ಇವು ಮೂರೂ ತಪ್ಪು ಸಲಹೆಯೊಂದರಿಂದ ವ್ಯರ್ಥವಾದರೆ ಒಂದೆರಡು ಎಕರೆಯವನಿಗೆ ಆ ವರ್ಷದ ಲೆಕ್ಕವೇ ತಲೆಕೆಳಗಾಗುತ್ತದೆ.

ಕೊಳೆರೋಗಕ್ಕೆ ನಾವೆಲ್ಲ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳೋಣ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಳೆಗಾಲದ ಮುನ್ನ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಈ ಅಳತೆ ಗಾಳಿಮಾತಲ್ಲ, ಸಂಶೋಧನಾ ಕೇಂದ್ರಗಳು ಅಚ್ಚು ಹಾಕಿಸಿ ಕೊಟ್ಟ ಮಾತು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ವಿಟ್ಲದ ಅದರ ಪ್ರಾದೇಶಿಕ ಕೇಂದ್ರ, ಕಾಫಿಗೆ ಸಂಬಂಧಿಸಿದಂತೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ನಮ್ಮ ಜಿಲ್ಲೆಯದೇ ಆದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ, ಇವುಗಳ ಪ್ರಕಟಣೆಗಳನ್ನು ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಓದುವುದು ಕಷ್ಟ. ದೊಡ್ಡ ಪರದೆಯ ಮುಂದೆ ಕುಳಿತು, ಬೇಕಾದ ಪುಟವನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಂಡರೆ ಅದೇ ಒಂದು ಆಸ್ತಿ.

ಡಿಜಿಟಲ್ ಪುಸ್ತಕದ ಎರವಲು

ಸಾರ್ವಜನಿಕ ಗ್ರಂಥಾಲಯ ಇಲಾಖೆಯು 2020ರಲ್ಲಿ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನು ಆರಂಭಿಸಿತು. ಸದಸ್ಯತ್ವಕ್ಕೆ ಹಣವಿಲ್ಲ. ಒಮ್ಮೆ ಹೆಸರು ನೋಂದಾಯಿಸಿಕೊಂಡವರು ಗ್ರಂಥಾಲಯದ ಕಂಪ್ಯೂಟರಿನಲ್ಲಿಯೂ ತಮ್ಮ ಮೊಬೈಲಿನಲ್ಲಿಯೂ ಓದಲು ಅನುಕೂಲವಾಗಲೆಂದು ಇದನ್ನು ರೂಪಿಸಲಾಯಿತು. ಇದಲ್ಲದೆ ಖರಗಪುರದ ಐ.ಐ.ಟಿ. ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ಕನ್ನಡದ ನಿಘಂಟುಗಳು ಸಿಗುತ್ತವೆ.

ಪುಸ್ತಕ ಕಾಗದದ್ದಲ್ಲವಾದ ಮೇಲೆ ಎರವಲು ಎಂಬ ಮಾತೇಕೆ ಎಂಬ ಸಂಶಯ ಸಹಜ. ಇದರಲ್ಲಿ ಎರಡು ಬಗೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕವನ್ನು ಯಾರು ಬೇಕಾದರೂ ಇಳಿಸಿಕೊಂಡು ಇಟ್ಟುಕೊಳ್ಳಬಹುದು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ನಂತರ 60 ವರ್ಷ ಹಕ್ಕು ಉಳಿಯುತ್ತದೆ. 1963ರಲ್ಲಿ ತೀರಿಕೊಂಡ ಮಂಜೇಶ್ವರ ಗೋವಿಂದ ಪೈಯವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು 2024ರಿಂದ ಮುಕ್ತವಾದವು. ನಮ್ಮ ತೀರ್ಥಹಳ್ಳಿ ಸೀಮೆಯ ಕುವೆಂಪು ಅವರು ತೀರಿಕೊಂಡದ್ದು 1994ರಲ್ಲಿ, ಆದ್ದರಿಂದ ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ಹಕ್ಕು ಇರುವ ಪುಸ್ತಕಗಳನ್ನು ಗ್ರಂಥಾಲಯ ಪ್ರಕಾಶಕರಿಂದ ಅನುಮತಿ ಪಡೆದು ಕೊಡಬೇಕಾಗುತ್ತದೆ. ಹೊರದೇಶಗಳ ಅನೇಕ ಗ್ರಂಥಾಲಯಗಳಲ್ಲಿ ಒಂದು ಪ್ರತಿ ಒಂದು ಸಲಕ್ಕೆ ಒಬ್ಬ ಓದುಗನಿಗೆ ಮಾತ್ರ. ಅವಧಿ ಮುಗಿದೊಡನೆ ಅದು ತಾನಾಗಿ ಹಿಂದಕ್ಕೆ ಹೋಗಿ ಸರದಿಯಲ್ಲಿರುವ ಮುಂದಿನವರಿಗೆ ಸೇರುತ್ತದೆ. ಅಮೆರಿಕದಲ್ಲಿರುವ ಮಗನೋ ಮಗಳೋ "ಲೈಬ್ರರಿಯಿಂದ ಪುಸ್ತಕ ತೆಗೆದೆ" ಎಂದು ಹೇಳಿದರೆ, ಮನೆಯಿಂದ ಹೊರಡದೆಯೇ ತೆಗೆದಿರಬಹುದೆಂದು ತಿಳಿಯತಕ್ಕದ್ದು.

ಹಳೆಯ ಪುಸ್ತಕದ ಬೆಲೆ

ಕೊಳೆರೋಗದ ಕಾರಣವನ್ನು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣದ ದಾರಿ ತೋರಿದವರು ಆಗಿನ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅವರ ವರದಿಯನ್ನು ಸಂಸ್ಥಾನದ ಕೃಷಿ ಇಲಾಖೆ 1910ರಲ್ಲಿ ಪ್ರಕಟಿಸಿತು. ಬಾಳೆಹೊನ್ನೂರಿನ ಕಾಫಿ ಸಂಶೋಧನೆ 1925ರಲ್ಲಿ ಆರಂಭವಾದುದರ ಹಿಂದೆಯೂ ಅವರಿದ್ದರು. ನಮ್ಮ ತೋಟಕ್ಕೇ ಸಂಬಂಧಿಸಿದ ಇಂತಹ ಬರಹಗಳು ಬಹುಕಾಲ ಪಟ್ಟಣದ ಕಪಾಟುಗಳಲ್ಲಿ ಧೂಳು ಹಿಡಿದು ಕುಳಿತಿದ್ದವು. ಹಳ್ಳಿಯ ಬೆಳೆಗಾರ ಅವುಗಳ ಹೆಸರನ್ನು ಕೂಡ ಕೇಳಲಿಲ್ಲ. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ನಂತಹ ತಾಣಗಳಲ್ಲಿ ಇಡುತ್ತಿರುವುದರಿಂದ ಈ ಅಂತರ ಕಡಿಮೆಯಾಗುತ್ತಿದೆ. ಇಂಗ್ಲಿಷಿನಲ್ಲಿರುವುದನ್ನು ಮಕ್ಕಳಿಂದ ಓದಿಸಿ ಅರ್ಥ ಕೇಳಿದರೆ ಅವರಿಗೂ ತೋಟದ ಪರಿಚಯವಾಗುತ್ತದೆ.

ಕೆಲವು ಎಚ್ಚರಿಕೆಗಳು

ಗ್ರಂಥಾಲಯದ ಕಂಪ್ಯೂಟರು ಹಲವರ ಕೈ ಸೋಕುವ ಯಂತ್ರ. ‘ಭೂಮಿ’ಯಲ್ಲಿ ಪಹಣಿ ನೋಡುವುದಕ್ಕೆ, ಬೆಳೆ ವಿಮೆಯ ‘ಸಂರಕ್ಷಣೆ’ ತಾಣದಲ್ಲಿ ಅರ್ಜಿಯ ಸ್ಥಿತಿ ತಿಳಿಯುವುದಕ್ಕೆ ಅಡ್ಡಿಯಿಲ್ಲ. ಬ್ಯಾಂಕಿನ ವ್ಯವಹಾರವನ್ನು ಮಾತ್ರ ಅಲ್ಲಿ ಮಾಡತಕ್ಕದ್ದಲ್ಲ. ಗುಪ್ತಪದವನ್ನು ನೆನಪಿಟ್ಟುಕೊಳ್ಳಲೇ ಎಂದು ಯಂತ್ರ ಕೇಳಿದರೆ ಬೇಡವೆನ್ನಬೇಕು. ಏಳುವ ಮೊದಲು ‘ಲಾಗ್ ಔಟ್’ ಮಾಡಬೇಕು. ಇಳಿಸಿಕೊಂಡ ಸ್ವಂತ ಕಾಗದಪತ್ರಗಳನ್ನು ಅಳಿಸಬೇಕು. ಮೊಬೈಲಿಗೆ ಬರುವ ಒ.ಟಿ.ಪಿ. ಸಂಖ್ಯೆಯನ್ನು ಪಕ್ಕದಲ್ಲಿ ಕುಳಿತವರು ಎಷ್ಟೇ ಉಪಕಾರಿಯಾಗಿ ಕಂಡರೂ ತಿಳಿಸಬಾರದು. ಯಂತ್ರ ಮುಟ್ಟಲು ಅಂಜಿಕೆಯಾದರೆ ಗ್ರಂಥಪಾಲಕರನ್ನು ಕೇಳಬಹುದು. ಓದುಗನಿಗೆ ದಾರಿ ತೋರುವುದು ಅವರ ಕೆಲಸವೇ ಆಗಿದೆ.

ಹಳ್ಳಿಯ ಪಾಲು

ಎಲ್ಲರೂ ಶಿವಮೊಗ್ಗೆಗೋ ಭದ್ರಾವತಿಗೋ ಬರಲಾಗದು. ರಾಜ್ಯದ ಐದು ಸಾವಿರಕ್ಕೂ ಮೀರಿದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದಿವೆ. ಹಲವೆಡೆ ಕಂಪ್ಯೂಟರುಗಳು ಬಂದಿವೆ. ಆದರೆ ಮಲೆನಾಡಿನಲ್ಲಿ ಯಂತ್ರ ಬಂದರೆ ಸಾಲದು. ಮಳೆಗಾಲದಲ್ಲಿ ಕರೆಂಟು, ಗುಡ್ಡದ ಮರೆಯಲ್ಲಿ ನೆಟ್‌ವರ್ಕು, ಕೆಲಸ ಮುಗಿಸಿ ಬರುವವರಿಗೆ ಒದಗುವಂತೆ ಸಂಜೆ ಬಾಗಿಲು, ಈ ಮೂರೂ ಇಲ್ಲದಿದ್ದರೆ ಅದು ಬಟ್ಟೆ ಹೊದಿಸಿದ ಪೆಟ್ಟಿಗೆಯಾಗಿಯೇ ಉಳಿಯುತ್ತದೆ. ಕೇಳುವವರಿದ್ದರೆ ಮಾತ್ರ ಇವು ಆಗುವ ಕೆಲಸಗಳು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಗಳ ಜೊತೆಗೆ ಗ್ರಂಥಾಲಯದ ಮಾತನ್ನೂ ಸದಸ್ಯರು ಎತ್ತಬೇಕು. ಗ್ರಂಥಾಲಯ ಕರವಾಗಿ ಎಷ್ಟು ವಸೂಲಾಯಿತು, ಎಷ್ಟು ಖರ್ಚಾಯಿತು ಎಂದು ಲೆಕ್ಕ ಕೇಳಬೇಕು.

ಮಹಿಳಾ ಸದಸ್ಯರಲ್ಲಿ ನಮ್ಮದೊಂದು ವಿಶೇಷ ಮನವಿ. ಅಡಿಕೆ ಸುಲಿಯುವ, ಕಾಫಿ ಒಣಗಿಸುವ ಕೆಲಸದ ಅರ್ಧಕ್ಕಿಂತ ಹೆಚ್ಚಿನ ಭಾರ ಹೊತ್ತವರು ಓದುವ ಕೋಣೆಯಲ್ಲಿ ಕಾಣದಿರುವುದು ಸರಿಯಲ್ಲ. ಮಗುವನ್ನು ಗ್ರಂಥಾಲಯಕ್ಕೆ ಸೇರಿಸಲು ಹೋದ ದಿನವೇ ತಾಯಿಯೂ ತನ್ನ ಹೆಸರನ್ನು ಬರೆಸಿಬಂದರೆ ಮನೆಗೆ ಎರಡು ಚೀಟಿ ಬಂದಂತಾಗುತ್ತದೆ.

ಈ ಮಳೆಗಾಲ ಕಾಲಿಡುವ ಮೊದಲು ಪ್ರತಿಯೊಂದು ಮನೆಯಿಂದ ಒಬ್ಬರಾದರೂ ಗ್ರಂಥಾಲಯದ ಸದಸ್ಯರಾಗುವರೆಂದು ನಾವು ಆಶಿಸುತ್ತೇವೆ.