ಜಾಡಿಯನ್ನು ಕಾಯುವ ಹುಳಿ

ಹಣ್ಣಿನ ಹೋಳುಗಳನ್ನು ತೆಳ್ಳನೆಯ ಸಕ್ಕರೆ ಪಾಕದೊಂದಿಗೆ ಗಾಜಿನ ಜಾಡಿಗೆ ತುಂಬಿ, ಮುಚ್ಚಳ ತಿರುಗಿಸಿ, ಜಾಡಿಯನ್ನೇ ಕುದಿಯುವ ನೀರಿನಲ್ಲಿ ಮುಳುಗಿಸಿ 20–30 ನಿಮಿಷ ಇಟ್ಟು ತೆಗೆದರೆ ಫ್ರಿಜ್ ಇಲ್ಲದೆಯೂ ಹಣ್ಣು ಒಂದು ವರ್ಷ ಉಳಿಯುತ್ತದೆ. ಅಮೆರಿಕದ ಹಳ್ಳಿಗಾಡಿನಲ್ಲಿ ಬೇಸಿಗೆ ಕಳೆಯುವ ಹೊತ್ತಿಗೆ ಪೀಚ್, ಮರಸೇಬು, ಪ್ಲಮ್ ಒಂದರ ಬೆನ್ನಿಗೊಂದು ಹಣ್ಣಾಗಿ ಬೀಳುತ್ತವೆ. ಆಮೇಲೆ ತಿಂಗಳುಗಟ್ಟಲೆ ಮರದಲ್ಲಿ ಎಲೆ ಕೂಡ ಇರುವುದಿಲ್ಲ. ಆ ಬರಗಾಲಕ್ಕಾಗಿ ಅಲ್ಲಿಯ ಅಡುಗೆಮನೆ ರೂಢಿಸಿಕೊಂಡ ಉಪಾಯವೇ ಈ ವಾಟರ್ ಬಾತ್ ಕ್ಯಾನಿಂಗ್. ಹೇಗೆ ಉಳಿಯುತ್ತದೆ ಎಂದು ಕೇಳಿದರೆ ಬರುವ ಉತ್ತರ ಒಂದೇ: ಕುದಿತಕ್ಕೆ ಕ್ರಿಮಿಗಳೆಲ್ಲ ಸಾಯುತ್ತವೆ, ಬಿಗಿ ಮುಚ್ಚಳ ಹೊಸ ಕ್ರಿಮಿಗಳನ್ನು ಒಳಗೆ ಬಿಡುವುದಿಲ್ಲ. ಈ ಉತ್ತರ ಅರ್ಧ ಮಾತ್ರ ನಿಜ, ಉಳಿದರ್ಧವನ್ನು ಮರೆತವರು ಜೀವವನ್ನೇ ಕಳೆದುಕೊಂಡಿದ್ದಾರೆ. ಕುದಿತವೂ ಮುಚ್ಚಳವೂ ಸಹಾಯಕ್ಕೆ ಇವೆ, ಸರಿ. ಆದರೆ ಜಾಡಿಯನ್ನು ನಿಜವಾಗಿ ಕಾಯುವುದು ಹಣ್ಣಿನೊಳಗಿನ ಹುಳಿ. ಈ ವಿದ್ಯೆಯ ಇತಿಹಾಸವನ್ನು ಆ ಕಣ್ಣಿನಿಂದ ನೋಡಿದರೆ ಅದರ ಕಟ್ಟುನಿಟ್ಟಿನ ನಿಯಮಗಳು ಏಕೆ ಬಂದವು ಎನ್ನುವುದೂ ತಿಳಿಯುತ್ತದೆ, ನಮ್ಮ ಕಡೆಯ ಹಣ್ಣುಗಳಿಗೆ ಅವನ್ನು ಹಾಗೆಯೇ ಏಕೆ ಹೊಂದಿಸಲಾಗದು ಎನ್ನುವುದೂ ತಿಳಿಯುತ್ತದೆ.

ಮೂಲ ಫ್ರಾನ್ಸ್‌ನದು. ಮಿಠಾಯಿ ತಯಾರಕ ನಿಕೊಲಾ ಅಪೆರ್ 18ನೇ ಶತಮಾನದ ಕೊನೆಯಲ್ಲಿ ಬಾಯಿ ಅಗಲದ ಸೀಸೆಗಳಿಗೆ ಹಣ್ಣು, ತರಕಾರಿ, ಮಾಂಸ ತುಂಬಿ, ಬಿರಡೆ ಜಡಿದು, ನೀರಿನಲ್ಲಿ ಕುದಿಸಿ ನೋಡಿದ. ಫ್ರೆಂಚ್ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. 1810ರಲ್ಲಿ ಅವನ ಪುಸ್ತಕ ಹೊರಬಂತು. ಆಹಾರ ಕೆಡದಿರಲು ಕಾರಣವೇನೆಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಗಾಳಿಯೇ ಆಹಾರವನ್ನು ಕೆಡಿಸುತ್ತದೆ, ಅದನ್ನು ಹೊರಗಿಟ್ಟರೆ ಮುಗಿಯಿತು ಎನ್ನುವುದು ಆ ಕಾಲದವರ ತಿಳಿವಳಿಕೆ. ಸೂಕ್ಷ್ಮಜೀವಿಗಳ ಪಾತ್ರವನ್ನು ಪಾಶ್ಚರ್ ತೋರಿಸಿಕೊಡಲು ಇನ್ನೂ ಅರ್ಧ ಶತಮಾನ ಬೇಕಿತ್ತು. ಹೀಗೆ ಕಾರಣ ತಿಳಿಯುವ ಮೊದಲೇ ಕೈಗೆ ವಿದ್ಯೆ ಬಂತು. ಗಾಳಿಯ ಮೇಲೆಯೇ ತಪ್ಪು ಹೊರಿಸಿದ್ದರಿಂದ ಮುಂದಿನ ನೂರು ವರ್ಷ ಎಲ್ಲರ ಬುದ್ಧಿಯೂ ಖರ್ಚಾದದ್ದು ಮುಚ್ಚಳದ ಮೇಲೆ.

ಆ ಮುಚ್ಚಳದ ಕಥೆಯೇ ಒಂದು ಸ್ವಾರಸ್ಯ. 19ನೇ ಶತಮಾನದ ಮಧ್ಯದವರೆಗೆ ಮನೆಗಳಲ್ಲಿ ಜಾಡಿಯ ಬಾಯಿಗೆ ತಗಡಿನ ಬಿಲ್ಲೆ ಇಟ್ಟು, ಸುತ್ತ ಕರಗಿದ ಅರಗು ಸುರಿದು ಮುಚ್ಚುತ್ತಿದ್ದರು. ಅರಗು ಒಂದು ಕಡೆ ಬಿರುಕು ಬಿಟ್ಟರೆ ಇಡೀ ಜಾಡಿ ಹಾಳು. 1858ರ ನವೆಂಬರ್ 30ರಂದು ಜಾನ್ ಲ್ಯಾಂಡಿಸ್ ಮೇಸನ್ ಎಂಬ 26 ವರ್ಷದ ತಗಡು ಕೆಲಸಗಾರ ಪೇಟೆಂಟ್ ಪಡೆದ. ಜಾಡಿಯ ಕತ್ತಿಗೆ ಗಾಜಿನಲ್ಲೇ ತಿರುಪಿನ ಮರೆ ಸುತ್ತಿ, ಅದಕ್ಕೆ ಸತುವಿನ ಮುಚ್ಚಳವನ್ನು ತಿರುಗಿಸಿ ಬಿಗಿಯುವ ವ್ಯವಸ್ಥೆ ಅವನದು. ಜಾಣತನ ಇರುವುದು ಒಂದು ಸಣ್ಣ ವಿವರದಲ್ಲಿ. ಮರೆಯನ್ನು ಅವನು ಜಾಡಿಯ ಭುಜದವರೆಗೆ ಎಳೆಯದೆ ಸ್ವಲ್ಪ ಮೇಲೆಯೇ ನಿಲ್ಲಿಸಿದ. ಇದರಿಂದ ಮುಚ್ಚಳದ ಅಂಚು ಭುಜದ ಮೇಲೆ ಪೂರ್ತಿಯಾಗಿ ಕೂರುವಂತಾಯಿತು. ನಡುವೆ ರಬ್ಬರ್ ಉಂಗುರ ಇಟ್ಟರೆ ಗಾಳಿಗೆ ದಾರಿಯಿಲ್ಲ. ಆದರೆ ಹಣ್ಣಿನ ಹುಳಿ ಸತುವನ್ನು ಸುಮ್ಮನೆ ಬಿಡುತ್ತದೆಯೇ? ಅದು ಲೋಹವನ್ನು ತಿನ್ನತೊಡಗಿತು, ಹಣ್ಣಿಗೆ ಲೋಹದ ರುಚಿ ಬಂತು. 1869ರಲ್ಲಿ ಲೂಯಿಸ್ ಬಾಯ್ಡ್ ಎಂಬಾತ ಮುಚ್ಚಳದ ಒಳಮೈಗೆ ಹಾಲುಬಣ್ಣದ ಗಾಜಿನ ಬಿಲ್ಲೆ ಕೂರಿಸಿ ಅದನ್ನು ಸರಿಪಡಿಸಿದ. 1882ರಲ್ಲಿ ಹೆನ್ರಿ ಪುಟ್ನಮ್ ಮುಚ್ಚಳವನ್ನೇ ಗಾಜಿನದು ಮಾಡಿ ತಂತಿಯ ಕೊಂಡಿಯಿಂದ ಬಿಗಿದ. ಜರ್ಮನಿಯಲ್ಲಿ 1900ರಲ್ಲಿ ಆರಂಭವಾದ ವೆಕ್ ಕಂಪನಿಯ ಜಾಡಿಗಳೂ ಗಾಜಿನ ಮುಚ್ಚಳದವೇ. ಇಂದು ಅಮೆರಿಕದಲ್ಲಿ ಬಳಕೆಯಲ್ಲಿರುವುದು 1915ರ ಹೊತ್ತಿಗೆ ಕೆರ್ ಕಂಪನಿ ತಂದ ಎರಡು ತುಂಡಿನ ಮುಚ್ಚಳ: ಅಂಚಿಗೆ ಅಂಟುವ ಲೇಪವಿರುವ ಚಪ್ಪಟೆ ಬಿಲ್ಲೆ ಒಂದು, ಅದನ್ನು ಹಿಡಿದಿಡುವ ಬಳೆ ಇನ್ನೊಂದು. ಜಾಡಿ ತಣ್ಣಗಾಗಿ ಬಿಲ್ಲೆ ಕಚ್ಚಿಕೊಂಡ ಮೇಲೆ ಬಳೆಗೆ ಕೆಲಸವೇ ಇಲ್ಲ, ತೆಗೆದಿಡಬಹುದು. ಬಿಲ್ಲೆಯನ್ನು ಮಾತ್ರ ಒಂದೇ ಸಲ ಬಳಸಬೇಕು. 1975ರಲ್ಲಿ ಈ ಬಿಲ್ಲೆಗಳಿಗೆ ಎಂಥ ಬರ ಬಂತೆಂದರೆ ವಿಷಯ ಅಮೆರಿಕದ ಸಂಸತ್ತಿನ ಸಮಿತಿಯವರೆಗೂ ಹೋಯಿತು. 2020ರ ಕೋವಿಡ್ ಕಾಲದಲ್ಲಿ ಮತ್ತೆ ಅದೇ ಗೋಳು. ಇನ್ನು ಮೇಸನ್‌ನ ವಿಷಯ: ಅವನ ಪೇಟೆಂಟ್ 1879ರಲ್ಲೇ ಮುಗಿದಿತ್ತು. ಅದರ ತಾರೀಖನ್ನು ಗಾಜಿನ ಮೇಲೆ ಉಬ್ಬಕ್ಷರದಲ್ಲಿ ಹೊತ್ತ ಜಾಡಿಗಳನ್ನು ಯಾರ್ಯಾರೋ ದಶಕಗಟ್ಟಲೆ ಮಾಡಿ ಮಾರಿದರು. ಮೇಸನ್ 1902ರಲ್ಲಿ ಬಡತನದಲ್ಲಿ ತೀರಿಕೊಂಡ. ಅಪೆರ್‌ನ ಕೊನೆಗಾಲವೂ ಹಾಗೆಯೇ ಕಳೆದಿತ್ತು. ಊರೆಲ್ಲರ ಉಗ್ರಾಣ ತುಂಬಿಸಿದ ಇಬ್ಬರಿಗೂ ಉಳಿದದ್ದು ಬರಿಗೈ.

ಈಗ ಮುಚ್ಚಳದ ಯಶಸ್ಸಿನೊಳಗಿನ ಅಪಾಯಕ್ಕೆ ಬರೋಣ. 1895ರಲ್ಲಿ ಬೆಲ್ಜಿಯಂನ ಒಂದು ಹಳ್ಳಿಯಲ್ಲಿ ಉಪ್ಪುಹಾಕಿದ ಹಂದಿಮಾಂಸ ತಿಂದು ಜನ ಸತ್ತರು. ಬ್ಯಾಕ್ಟೀರಿಯಾ ತಜ್ಞ ಎಮಿಲ್ ವಾನ್ ಎರ್ಮೆಂಗೆಮ್ ಅದರ ಬೆನ್ನುಹತ್ತಿ ಒಂದು ಬ್ಯಾಕ್ಟೀರಿಯಾವನ್ನು ಗುರುತಿಸಿದ. ಅದೇ ಇಂದಿನ ಕ್ಲಾಸ್ಟ್ರಿಡಿಯಂ ಬೊಟುಲಿನಂ. ಅದು ಮಣ್ಣಿನಲ್ಲಿ ಎಲ್ಲೆಲ್ಲೂ ಇದೆ. ಅದರ ಬೀಜಕಗಳು ಕುದಿಯುವ ನೀರಿಗೆ ಜಗ್ಗುವುದಿಲ್ಲ. ಅವನ್ನು ಕೊಲ್ಲಲು ಒತ್ತಡದ ಹಬೆಯಲ್ಲಿ 116ರಿಂದ 121 ಡಿಗ್ರಿ ಸೆಲ್ಸಿಯಸ್ ತನಕ ಶಾಖ ಬೇಕು. ಗಾಳಿಯಿದ್ದಲ್ಲಿ ಅದು ಬೆಳೆಯದು, ಗಾಳಿಯಿಲ್ಲದ ಕಡೆ ಮೊಳೆತು ವಿಷ ಕಾರುತ್ತದೆ. ವಿಷಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇರಬೇಕೆಂದಿಲ್ಲ. ಅಂದರೆ ಅರವತ್ತು ವರ್ಷ ತಿದ್ದಿ ತೀಡಿ ಗಾಳಿಯಾಡದಂತೆ ಮಾಡಿದ ಮುಚ್ಚಳ, ಉಳಿದ ಕ್ರಿಮಿಗಳನ್ನು ಹೊರಗಟ್ಟಿ ಈ ಒಂದಕ್ಕೆ ಮಾತ್ರ ಹೇಳಿಮಾಡಿಸಿದ ಮನೆ ಕಟ್ಟಿಕೊಟ್ಟಿತು. ಹುರುಳಿಕಾಯಿ, ಜೋಳ, ಮಾಂಸವನ್ನು ಪೀಚ್‌ನಂತೆಯೇ ಬರೀ ನೀರಿನಲ್ಲಿ ಕುದಿಸಿಟ್ಟ ಮನೆಗಳಲ್ಲಿ ಸಾವುಗಳಾದವು. ಪೀಚ್ ಇಟ್ಟವರಿಗೆ ಸಾಮಾನ್ಯವಾಗಿ ಏನೂ ಆಗಲಿಲ್ಲ. ಕುದಿತ ಅದೇ, ಜಾಡಿ ಅದೇ, ಮುಚ್ಚಳವೂ ಅದೇ. ಬೇರೆಯಾಗಿದ್ದದ್ದು ಹುಳಿ. ಪಿಎಚ್ 4.6 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಎಂದರೆ ಪದಾರ್ಥ ಸಾಕಷ್ಟು ಹುಳಿಯಾಗಿದ್ದರೆ, ಆ ಬೀಜಕ ಸಾಯದಿದ್ದರೂ ಮೊಳೆಯದೆ ಬಿದ್ದಿರುತ್ತದೆ. ಕುದಿನೀರು ಕೊಲ್ಲುವುದು ಬೂಷ್ಟು, ಯೀಸ್ಟ್ ಮತ್ತು ಸಾಮಾನ್ಯ ಬ್ಯಾಕ್ಟೀರಿಯಾಗಳನ್ನು. 1917ರಲ್ಲಿ ಅಮೆರಿಕದ ಕೃಷಿ ಇಲಾಖೆ ಗೆರೆ ಎಳೆಯಿತು: ಹುಳಿಯಿಲ್ಲದ ಪದಾರ್ಥಕ್ಕೆ ಒತ್ತಡದ ಪಾತ್ರೆಯೇ ಆಗಬೇಕು, ಕುದಿನೀರು ಹುಳಿಹಣ್ಣಿಗೆ ಮಾತ್ರ.

ಗೆರೆ ಎಳೆದರೆ ಸಾಲದು, ಅದು ಅಡುಗೆಮನೆಗೆ ಮುಟ್ಟಬೇಕಲ್ಲ. ಮುಟ್ಟಿಸುವ ವ್ಯವಸ್ಥೆ ಆ ಹೊತ್ತಿಗೆ ಸಿದ್ಧವಾಗಿತ್ತು. 1910ರಲ್ಲಿ ದಕ್ಷಿಣ ಕ್ಯಾರೊಲಿನಾದ ಏಕನ್ ಕೌಂಟಿಯ ಶಾಲಾ ಶಿಕ್ಷಕಿ ಮರೀ ಸ್ಯಾಮುವೆಲ್ಲಾ ಕ್ರೋಮರ್ ಹಳ್ಳಿ ಹುಡುಗಿಯರ ಟೊಮೆಟೊ ಕ್ಲಬ್ ಕಟ್ಟಿದ್ದರು. ಒಬ್ಬೊಬ್ಬಳಿಗೂ ಎಕರೆಯ ಹತ್ತನೇ ಒಂದು ಪಾಲು ಜಾಗ. ಬೆಳೆದದ್ದನ್ನು ತಾವೇ ಡಬ್ಬಿಗೆ ತುಂಬಿ ಮಾರಿ ಸ್ವಂತ ಕಾಸು ನೋಡಿದರು. 1914ರ ಸ್ಮಿತ್-ಲೀವರ್ ಕಾಯ್ದೆ ಇಂಥ ಕೆಲಸಕ್ಕೆ ಸರ್ಕಾರದ ಹಣ ಒದಗಿಸಿತು, ಜಿಲ್ಲೆ ಜಿಲ್ಲೆಗೂ ಗೃಹವಿಜ್ಞಾನ ಕಲಿಸುವ ಮಹಿಳೆಯರು ಬಂದರು. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ರೇಷನ್ ಬಂದಾಗಲೂ ಹಣ್ಣು ಜಾಡಿಗೆ ಹಾಕುವವರಿಗೆ ಹೆಚ್ಚಿನ ಪಾಲು ಸಿಗುತ್ತಿತ್ತು. ಈ ಪರಂಪರೆಯ ಇಂದಿನ ಕೇಂದ್ರ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿದೆ. ಕೃಷಿ ಇಲಾಖೆಯ ಕೈಪಿಡಿ ಯಾರು ಬೇಕಾದರೂ ಓದಬಹುದಾದ ಕೋಷ್ಟಕಗಳ ಪುಸ್ತಕ. ಅಡುಗೆ ಪುಸ್ತಕದ ಸೊಗಸು ಅದರಲ್ಲಿಲ್ಲ. ಯಾವ ಹಣ್ಣು, ಯಾವ ಅಳತೆಯ ಜಾಡಿ, ಸಮುದ್ರಮಟ್ಟದಿಂದ ಎಷ್ಟು ಎತ್ತರ, ಎಷ್ಟು ನಿಮಿಷ, ಇಷ್ಟೇ.

ಎತ್ತರವೇಕೆ ಎಂದರೆ, ಮೇಲೆ ಹೋದಂತೆ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಬಿಸಿಪಾಕದಲ್ಲಿ ಕುದಿಸಿ ತುಂಬಿದ ಪೀಚ್‌ಗೆ ಒಂದು ಪಿಂಟ್, ಅಂದರೆ ಅರ್ಧ ಲೀಟರ್‌ಗೆ ತುಸು ಕಡಿಮೆಯ ಜಾಡಿಯಲ್ಲಿ 1,000 ಅಡಿವರೆಗೆ 20 ನಿಮಿಷ, 3,000 ಅಡಿವರೆಗೆ 25, ಅದರಾಚೆ 6,000 ಅಡಿವರೆಗೆ 30. ಮಂಗಳೂರಿನಲ್ಲಿ 20 ನಿಮಿಷಕ್ಕೆ ಮುಗಿಯುವ ಕೆಲಸಕ್ಕೆ ಮಡಿಕೇರಿಯಲ್ಲಿ 30 ನಿಮಿಷ ಬೇಕು. 3,000 ಅಡಿಯ ಆಸುಪಾಸಿನಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಅಲ್ಲಿಯೂ 30 ಎಂದೇ ಲೆಕ್ಕ ಹಿಡಿಯುವುದು ಕ್ಷೇಮ. ಉಳಿದ ಕ್ರಮ ಹೇಳುವಷ್ಟು ದೊಡ್ಡದಲ್ಲ: ನೀರು ಮುಚ್ಚಳಕ್ಕಿಂತ ಒಂದೆರಡು ಅಂಗುಲ ಮೇಲಿರಬೇಕು, ತಳದಲ್ಲಿ ಜಾಲರಿ ಇರಬೇಕು, ಬಿಸಿ ಪದಾರ್ಥಕ್ಕೆ ಜಾಡಿಯೂ ಬಿಸಿಯಾಗಿಯೇ ಇರಬೇಕು. ಕಷ್ಟ ಇರುವುದು ಜಾಡಿಯ ಬಾಯಲ್ಲಿ ಬಿಡುವ ಖಾಲಿ ಜಾಗದಲ್ಲಿ. ಹಣ್ಣಿಗೆ ಅರ್ಧ ಅಂಗುಲ, ಜಾಮಿಗೆ ಕಾಲು ಅಂಗುಲ. ಜಾಗ ಕಡಿಮೆಯಾದರೆ ಪಾಕ ಉಕ್ಕಿ ಅಂಚಿಗೆ ಮೆತ್ತಿಕೊಂಡು ಬಿಲ್ಲೆ ಕಚ್ಚದು. ಹೆಚ್ಚಾದರೆ ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗದು. ಬಳೆಯನ್ನೂ ಬೆರಳ ತುದಿಯ ಬಿಗಿಗೆ ನಿಲ್ಲಿಸಬೇಕು, ಏಕೆಂದರೆ ಕುದಿಯುವಾಗ ಗಾಳಿ ಅದರಡಿಯಿಂದಲೇ ನುಸುಳಿ ಹೊರಬರಬೇಕು. ತಣಿಯುತ್ತಾ ಒಳಗಿನದು ಕುಗ್ಗಿ ಬಿಲ್ಲೆಯನ್ನು ಕೆಳಕ್ಕೆ ಎಳೆದಾಗ ಟಿಣ್ ಎಂಬ ಸದ್ದು ಬರುತ್ತದೆ. ಅದು ಮುಚ್ಚಳ ಕೂತಿತು ಎನ್ನುವ ಸುದ್ದಿ, ಒಳಗಿರುವುದು ಸುರಕ್ಷಿತ ಎನ್ನುವುದಕ್ಕೆ ಸಾಕ್ಷಿಯಲ್ಲ.

ಇಷ್ಟೊಂದು ಕಟ್ಟಳೆ ಬೇಕೇ, ಅಜ್ಜಿಯರು ಕೋಷ್ಟಕ ನೋಡಿ ಮಾಡಿದರೇ ಎಂಬ ಆಕ್ಷೇಪ ಅಮೆರಿಕದಲ್ಲಿ ಇಂದಿಗೂ ಕೇಳುತ್ತದೆ. ಬಿಸಿ ಹಣ್ಣನ್ನು ಜಾಡಿಗೆ ಸುರಿದು, ಮುಚ್ಚಳ ಬಿಗಿದು, ಮತ್ತೆ ಕುದಿಸದೆಯೇ ಇಡುತ್ತಿದ್ದ ಅಜ್ಜಿಯರಿದ್ದರು ನಿಜ. ಅವರ ಪೀಚ್ ಕೆಟ್ಟರೂ ಸಾಮಾನ್ಯವಾಗಿ ಯಾರನ್ನೂ ಕೊಲ್ಲಲಿಲ್ಲ ಎನ್ನುವುದೂ ನಿಜ. ಆದರೆ ಅವರನ್ನು ಉಳಿಸಿದ್ದು ಕೈಗುಣವಲ್ಲ, ಪೀಚ್‌ನ ಗುಣ. ಅದೇ ಕೈಗಳು ಹುರುಳಿಕಾಯಿ ತುಂಬಿದಾಗ ಫಲ ಬೇರೆಯಾಯಿತು. ಸಕ್ಕರೆಯೇ ಕಾಪಾಡುತ್ತದೆ ಎನ್ನುವವರೂ ಇದ್ದಾರೆ. ಜಾಮಿನ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ, ಹೋಳುಗಳ ಮಟ್ಟಿಗೆ ಇಲ್ಲ: ಪಾಕದ ಬದಲು ಬರೀ ನೀರು ತುಂಬಿದರೂ ಪೀಚ್ ಅಷ್ಟೇ ಸುರಕ್ಷಿತ, ಬಣ್ಣ ಮತ್ತು ರುಚಿ ಸ್ವಲ್ಪ ಕುಂದೀತು ಅಷ್ಟೆ. ಟೊಮೆಟೊ ಇನ್ನೂ ಒಳ್ಳೆಯ ಸಾಕ್ಷಿ. ಅದರ ಹುಳಿ 4.6ರ ಗೆರೆಯ ಆಚೀಚೆ ಓಲಾಡುವುದರಿಂದ ಕ್ವಾರ್ಟ್ ಜಾಡಿಗೆ, ಅಂದರೆ ಲೀಟರ್‌ಗೆ ತುಸು ಕಡಿಮೆಗೆ, 2 ದೊಡ್ಡ ಚಮಚ ಸೀಸೆಯ ನಿಂಬೆರಸ ಹಾಕಲೇಬೇಕೆನ್ನುತ್ತದೆ ಕೈಪಿಡಿ. ಆಗ ತಾನೇ ಹಿಂಡಿದ ರಸ ಬೇಡವಂತೆ, ಒಂದೊಂದು ನಿಂಬೆಯ ಹುಳಿ ಒಂದೊಂದು ಥರ ಎಂಬ ಕಾರಣಕ್ಕೆ. ಫ್ರೀಜರ್ ಇರುವಾಗ ಇದೆಲ್ಲ ಏಕೆ ಎಂಬ ಪ್ರಶ್ನೆಗೆ ಮಾತ್ರ ಪೂರ್ತಿ ಉತ್ತರವಿಲ್ಲ. ಹೆಪ್ಪುಗಟ್ಟಿಸಿದ ಹಣ್ಣಿನಲ್ಲಿ ತಾಜಾತನ ಹೆಚ್ಚು ಉಳಿಯುತ್ತದೆ, ಜಾಡಿಯ ಹಣ್ಣಿನಲ್ಲಿ ಸಿ ವಿಟಮಿನ್ ಒಂದಿಷ್ಟು ಹೋಗುವುದು ಖಚಿತ. ಆದರೂ ಕಪಾಟಿನ ಜಾಡಿಗೆ ಕರೆಂಟು ಹೋದರೂ ಚಿಂತೆಯಿಲ್ಲ.

ನಮ್ಮಲ್ಲಿ ಈ ವಿದ್ಯೆ ಬೇರೂರದೆ ಇದ್ದುದಕ್ಕೆ ಸೋಮಾರಿತನ ಕಾರಣವಲ್ಲ. ಒಂದಲ್ಲ ಒಂದು ಹಣ್ಣು ವರ್ಷವಿಡೀ ಸಿಗುವ ನಾಡಿದು. ಉಳಿಸಬೇಕಾದಾಗ ಉಪ್ಪು, ಎಣ್ಣೆ, ಬಿಸಿಲು ಇದ್ದವು. ಭರಣಿಯ ಮಿಡಿ ಉಪ್ಪಿನಕಾಯಿ, ಹಲಸಿನ ಉಪ್ಪುಸೊಳೆ, ಬೆರಟಿ, ಕರಾವಳಿಯ ಮಾಂಬಳ, ಇವುಗಳಿಗೆ ಗಾಳಿಯಾಡದ ಜಾಡಿಯ ಹಂಗು ಇರಲಿಲ್ಲ. ಆದರೆ ಇವೆಲ್ಲ ಹಣ್ಣನ್ನು ಬೇರೆಯೇ ಪದಾರ್ಥವಾಗಿ ಮಾಡುತ್ತವೆ. ಹೋಳನ್ನು ಹೋಳಾಗಿಯೇ ಉಳಿಸುವ ದಾರಿ ನಮ್ಮ ಮನೆಗಳಲ್ಲಿ ಬೆಳೆಯಲಿಲ್ಲ. ಬನವಾಸಿ, ಸಾಗರದ ಕಡೆ ಅನಾನಸ್ ಒಮ್ಮೆಲೇ ಬಂದು ಬೆಲೆ ಬಿದ್ದಾಗ ಇದೊಂದು ದಾರಿಯಾಗಬಹುದು, ಏಕೆಂದರೆ ಅನಾನಸ್ ಹುಳಿ ಸಾಕಷ್ಟಿರುವ ಹಣ್ಣು, ಕೋಷ್ಟಕದಲ್ಲೂ ಅದಕ್ಕೆ ಜಾಗವಿದೆ. ಮನೆಯ ಕುಕ್ಕರ್ ಇದೆಯಲ್ಲ, ಹುಳಿಯಿಲ್ಲದ್ದನ್ನು ಅದರಲ್ಲಿ ಕೂಗಿಸೋಣ ಎಂದು ಯಾರೂ ಹೊರಡಬಾರದು. ಒತ್ತಡದ ಕ್ಯಾನಿಂಗ್‌ಗೆ ಲೆಕ್ಕ ಹಾಕಿದ ಕಾಲ ಆ ಕೆಲಸಕ್ಕೆಂದೇ ಮಾಡಿದ ದೊಡ್ಡ ಪಾತ್ರೆಗಳದು, ಬೇಗ ಬಿಸಿಯಾಗಿ ಬೇಗ ತಣಿಯುವ ಕುಕ್ಕರಿನದಲ್ಲ. ಪರೀಕ್ಷಿಸಿ ಹೇಳಬಲ್ಲ ಸಂಸ್ಥೆಗಳಿಗೆ ಈ ರಾಜ್ಯದಲ್ಲಿ ಬರವಿಲ್ಲ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಲ್ಲೇ ಶುರುವಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಹುಟ್ಟಿದ್ದೇ ಅಮೆರಿಕದಲ್ಲಿ ಸರ್ಕಾರಿ ಜಮೀನಿನ ನೆರವಿನಿಂದ ಹುಟ್ಟಿದ ಲ್ಯಾಂಡ್ ಗ್ರಾಂಟ್ ಕಾಲೇಜುಗಳ ಮಾದರಿಯಲ್ಲಿ, ಅಂದರೆ ಜಾಡಿಯ ಪಾಠವನ್ನು ಹಳ್ಳಿಗೆ ಒಯ್ದ ಅದೇ ಪರಂಪರೆಯಲ್ಲಿ. ಅಮೆರಿಕದ ಕೈಪಿಡಿ ನಮ್ಮ ಹಣ್ಣುಗಳ ಹತ್ತಿರ ಬಂದಾಗ ಮಾತ್ರ ತಡವರಿಸುತ್ತದೆ. ಹಣ್ಣಿನ ತಿರುಳನ್ನು ಜಾಡಿಗೆ ಹಾಕುವ ವಿಧಾನ ಹೇಳಿ, ಅದರ ಕೆಳಗೆ ಪರಂಗಿ, ಮಾಗಿದ ಮಾವು, ತೆಂಗು, ಕರಬೂಜಗಳಿಗೆ ಇದನ್ನು ಬಳಸಬೇಡಿ, ಅವುಗಳ ತಿರುಳಿಗೆ ಮನೆಯಲ್ಲಿ ಮಾಡುವ ವಿಧಾನವೇ ಇಲ್ಲ ಎಂದು ಬರೆದಿದೆ. ಇನ್ನೂ ಪೂರ್ತಿ ಮಾಗದ ಮಾವಿಗೆ ನಿಂಬೆರಸ ಬೆರೆಸಿ ಮಾಡುವ ಸಾಸ್ ಒಂದನ್ನು ಜಾರ್ಜಿಯಾದವರು ಕೊಡುತ್ತಾರೆ. ರಸ ಸೋರುವಷ್ಟು ಹಣ್ಣಾದ ರಸಪುರಿಗೆ, ಜೂನ್ ಮಳೆಗೆ ರಾಶಿರಾಶಿ ಬೀಳುವ ಹಲಸಿಗೆ ಆ ಕೋಷ್ಟಕದಲ್ಲಿ ಒಂದು ಸಾಲೂ ಇಲ್ಲ.